ಒಂದಕ್ಕೆ ಒಂದೂವರೆ

ನಮ್ಮ ಅತ್ತೆಗೆ ಲಕ್ವ ಹೊಡೆದಾಗ ಕೈಕಾಲು ಉಳಿದವು, ಮಾತು ಹೋಯಿತು. ಆಮೇಲೆ ಚೂರುಪಾರು ತಿರುಗಿ ಬಂದದ್ದು ಕನ್ನಡ ಮಾತ್ರ. ಮಲಯಾಳಂ ಒಂದಕ್ಷರವೂ ಬರಲಿಲ್ಲ. ನಮ್ಮ ವಯನಾಡಿನ ಕೇಣಿಚಿರದ ಮೆಣಸಿನ ವ್ಯಾಪಾರಿಗಳು ಇವರ ಮಲಯಾಳಂಗೆ ಹೆದರಿ ತಕ್ಕಡಿ ನೆಟ್ಟಗೆ ಹಿಡಿಯುತ್ತಿದ್ದ ಕಾಲವೊಂದಿತ್ತು. ಗುಂಡ್ಲುಪೇಟೆ ಕಡೆಯಿಂದ ಸೊಸೆಯಾಗಿ ಬಂದ ನನ್ನ ಮಲಯಾಳಂ ಕೇಳಿ ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದವರೂ ಇವರೇ. ಈಗ ಪಕ್ಕದ ಮನೆಯ ಚೇಚಿ ಬಂದು ಮಲಯಾಳಂನಲ್ಲಿ ಮಾತಾಡಿಸಿದರೆ ಸುಮ್ಮನೆ ಅವಳ ಬಾಯನ್ನೇ ನೋಡುತ್ತಿದ್ದರು.

ಬತ್ತೇರಿಯ ಆಸ್ಪತ್ರೆಯಲ್ಲಿ ಮಾತು ಕಲಿಸುವಾಕೆ ಒಳ್ಳೆಯವಳು, ಆದರೆ ಅವಳಿಗೆ ಕನ್ನಡ ಬಾರದು. ಕನ್ನಡದವರನ್ನು ಹುಡುಕಿಕೊಳ್ಳಿ ಎಂದು ಅವಳೇ ಹೇಳಿದಳು. ಕೊನೆಗೆ ಮೈಸೂರಿನ ಒಬ್ಬ ಹುಡುಗಿ ವೀಡಿಯೊ ಕಾಲ್‌ನಲ್ಲಿ ಪಾಠ ಮಾಡಲು ಒಪ್ಪಿದಳು. ನಮ್ಮ ಮನೆಯಲ್ಲಿ ಅವಳ ಹೆಸರು ಮಾತಿನ ಟೀಚರ್. ಅವಳ ರೀತಿ ಬಹಳ ಸರಳ. ಅವಳು ಅರ್ಧ ಮಾತು ಹೇಳಿ ಬಿಡುವುದು, ಉಳಿದರ್ಧವನ್ನು ಅತ್ತೆ ತುಂಬುವುದು. ಅವಳು ‘ಅ...’ ಎಂದರೆ ಅತ್ತೆ ತಡವರಿಸಿ ‘ಅಕ್ಕಿ’ ಎನ್ನಬೇಕು.

ಮೊದಮೊದಲು ಚೆನ್ನಾಗಿಯೇ ನಡೆಯಿತು. ಆಮೇಲೆ ಚಿತ್ರ ನಿಲ್ಲತೊಡಗಿತು. ಟೀಚರ್ ‘ಅ’ ಎಂದು ಬಾಯಿ ತೆರೆದವಳು ತೆರೆದ ಹಾಗೇ ನಿಂತುಬಿಡುತ್ತಿದ್ದಳು. ಅತ್ತೆ ಕಷ್ಟಪಟ್ಟು ‘ಅಕ್ಕಿ’ ಎಂದರೆ ಆ ಕಡೆ ಕೇಳಿಸುತ್ತಿರಲಿಲ್ಲ. ಒಂದು ಗಳಿಗೆ ಬಿಟ್ಟು ಚಿತ್ರ ಅಲುಗಿ, ಇನ್ನೊಂದು ಸಲ ಹೇಳಿ ಅಮ್ಮಾ ಎಂದು ಅವಳು ಕೇಳುತ್ತಿದ್ದಳು. ಸರಿಯಾಗಿ ಹೇಳಿದ್ದಕ್ಕೂ ಇನ್ನೊಂದು ಸಲ, ಮತ್ತೊಂದು ಸಲ. ಯಾರಿಗಾದರೂ ಏನನ್ನಿಸೀತು? ಒಂದು ದಿನ ಅತ್ತೆ ತಮ್ಮ ತಲೆಯ ಮೇಲೆ ಬೆರಳಿಟ್ಟು, ಕೈ ತಿರುವಿ, ಖಾಲಿ ಎಂದು ತೋರಿಸಿದರು. ನಿಲ್ಲುತ್ತಿರುವುದು ಫೋನಲ್ಲ, ತಮ್ಮ ತಲೆಯೇ ಎಂದು ಅವರು ನಂಬಿಬಿಟ್ಟಿದ್ದರು. ಅಲ್ಲ ಎಂದು ನಾನು ಎಷ್ಟು ಹೇಳಿದರೂ ತಲೆ ತಗ್ಗಿಸಿಯೇ ಇರುತ್ತಿದ್ದರು. ಆಮೇಲಾಮೇಲೆ ನಾನು ಫೋನನ್ನು ಸ್ಟ್ಯಾಂಡಿಗೆ ಸಿಕ್ಕಿಸುವುದು ಕಂಡರೆ ಎದ್ದು ಹಿತ್ತಲಿಗೆ ಹೋಗಿ ಕೋಳಿಗೂಡಿನ ಹತ್ತಿರ ಕೂರತೊಡಗಿದರು.

ಸಿಟ್ಟು ನನಗೆ ಮೂಗಿನ ತುದಿಯಲ್ಲೇ ಇರುತ್ತದೆ. ಕೇಬಲ್‌ನವನನ್ನು ಕರೆಸಿ ಹರಿಹಾಯ್ದೆ. ಪಾಪ, ಅವನು ಪೆಟ್ಟಿಗೆ ಬಿಚ್ಚಿ, ತಂತಿ ಒರೆಸಿ, ಸ್ಪೀಡ್ ಅಳೆದು ತೋರಿಸಿದ. ಇಳಿಯುವ ವೇಗಕ್ಕೆ ಏನೂ ಕೊರತೆ ಇರಲಿಲ್ಲ. ಮತ್ತೇಕೆ ಹೀಗೆ ಎಂದರೆ ಅವನಿಗೂ ಗೊತ್ತಿಲ್ಲ.

ಗುಟ್ಟು ಬಿಟ್ಟುಕೊಟ್ಟದ್ದು ಕರೆಂಟು. ಒಂದು ಬೆಳಿಗ್ಗೆ ಕರೆಂಟ್ ಹೋಯಿತು. ನೆಟ್ಟಿನ ಪೆಟ್ಟಿಗೆ ಇನ್ವರ್ಟರ್ ಮೇಲೆ ನಡೆಯುತ್ತದೆ, ಹಜಾರದಲ್ಲಿರುವ ಮಾವನ ಹಳೇ ಕಂಪ್ಯೂಟರ್ ನಡೆಯುವುದಿಲ್ಲ. ಆ ದಿನ ಬೇಡಬೇಡವೆಂದರೂ ಅತ್ತೆಯನ್ನು ಕೂರಿಸಿದ್ದೆ. ಚಿತ್ರ ಒಂದು ಸಲವೂ ನಿಲ್ಲಲಿಲ್ಲ. ಅಕ್ಕಿ, ಅವರೆ, ಅಗಸೆ ಎಂದು ಅತ್ತೆ ಒಂದರ ಹಿಂದೊಂದು ಹೇಳಿದರು. ಅಷ್ಟರಲ್ಲಿ ಕರೆಂಟ್ ಬಂತು. ಹಜಾರದಲ್ಲಿ ಮಾವ ಹಾಕಿದ ಕಂಪ್ಯೂಟರ್ ಗುರ್ ಎಂದಿತು, ತುಸು ಹೊತ್ತಿಗೆ ಟೀಚರ್ ಬಾಯಿ ತೆರೆದು ನಿಂತಳು. ನಾನು ಎದ್ದು ಹಜಾರಕ್ಕೆ ಹೋದೆ.

ಮಾವ ಅದರಲ್ಲಿ ಏನು ಮಾಡುತ್ತಾರೆಂದು ನನಗೆ ಗೊತ್ತಿತ್ತು. ಗಡಿಯ ಊರುಗಳಲ್ಲಿ ಯಾರೋ ಪುಣ್ಯಾತ್ಮರು ನಾಟಿ ಹಾಡುಗಳನ್ನು ರೆಕಾರ್ಡ್ ಮಾಡಿ, ಯಾರು ಬೇಕಾದರೂ ತೆಗೆದುಕೊಳ್ಳಲಿ ಎಂದು ಟೊರೆಂಟ್‌ನಲ್ಲಿ ಬಿಟ್ಟಿದ್ದರು. ಅತ್ತೆ ಹರೆಯದಲ್ಲಿ ಗದ್ದೆಯಲ್ಲಿ ಮುಂದಾಳಾಗಿ ಹಾಡಿದವರು. ಆಶ್ಚರ್ಯವೆಂದರೆ ಆ ಹಾಡು ಹಾಕಿದರೆ ಅವರ ಬಾಯಿಂದ ಸಾಲಿಗೆ ಸಾಲು ತಡೆಯಿಲ್ಲದೆ ಬರುತ್ತಿತ್ತು. ಹಾಡು ಮುಗಿದರೆ ಕುಡಿಯಲು ನೀರು ಕೇಳಲೂ ಆಗುತ್ತಿರಲಿಲ್ಲ. ಅದಕ್ಕೇ ಮಾವ ಹಗಲೆಲ್ಲ ಹಾಡು ಇಳಿಸುತ್ತಿದ್ದರು.

ಟೊರೆಂಟ್ ಎಂದರೆ ಇಳಿಸಿಕೊಳ್ಳುವುದಷ್ಟೇ ಅಲ್ಲ. ಇದ್ದವರೆಲ್ಲರಿಂದ ತುಣುಕು ತುಣುಕಾಗಿ ಬರುತ್ತದೆ, ಬಂದದ್ದನ್ನು ನಾವು ಇನ್ನೊಬ್ಬರಿಗೆ ಕಳಿಸಬೇಕು. ಆ ಕಳಿಸುವುದಕ್ಕೆ ಸೀಡ್ ಎನ್ನುತ್ತಾರೆ. ಸೀಡ್ ಎಂದರೆ ವಿತ್ತು, ಬಿತ್ತನೆಯ ನೆಲ್ಲು ಎಂದು ಮಾವ ಅರ್ಥ ಮಾಡಿಕೊಂಡಿದ್ದರು. ನಮ್ಮ ಕಡೆ ಒಬ್ಬರ ಕಣಜದಿಂದ ವಿತ್ತು ತಂದವರು ಕೊಯ್ಲಾದ ಮೇಲೆ ಒಂದು ಸೇರಿಗೆ ಒಂದೂವರೆ ಸೇರು ಹಿಂದಕ್ಕೆ ಅಳೆಯಬೇಕು. ಕೊಟ್ಟದ್ದಕ್ಕೂ ಪಡೆದದ್ದಕ್ಕೂ ಇರುವ ಲೆಕ್ಕ ಪರದೆಯ ಮೂಲೆಯಲ್ಲಿ ಕಾಣುತ್ತದಲ್ಲ, ಪ್ರತಿ ಹಾಡಿಗೂ ಅದು ಒಂದೂವರೆ ಮುಟ್ಟುವ ತನಕ ಮಾವ ಕಂಪ್ಯೂಟರ್ ಆರಿಸುತ್ತಿರಲಿಲ್ಲ. ನೋಡಿದರೆ ಮೇಲಕ್ಕೆ, ಅಂದರೆ ಮನೆಯಿಂದ ಹೊರಕ್ಕೆ, ಹೋಗುವ ದಾರಿಯನ್ನೆಲ್ಲ ಆ ಕಳಿಸುವುದೇ ನುಂಗಿ ಕೂತಿತ್ತು.

ನಿಲ್ಲಿಸಿ ಮಾವ ಎಂದೆ. ಅವರು ಟವೆಲ್ಲಿನಿಂದ ಕೀಬೋರ್ಡ್ ಒರೆಸುತ್ತಾ ಹೇಳಿದರು:

“ವಿತ್ತು ತಗಂಡು ಕೊಡದೆ ಇರಕ್ಕಾದ್ದಾ ಕೂಸೇ?”

ಆಗ ಅತ್ತೆ ತಲೆಯ ಮೇಲೆ ಬೆರಳಿಟ್ಟು ತೋರಿಸಿದ್ದನ್ನು ಹೇಳಿದೆ. ಹೇಳಬಾರದಿತ್ತೇನೋ, ಆದರೆ ಹೇಳದೆ ದಾರಿಯಿರಲಿಲ್ಲ. ಮಾವನ ಕೈ ನಿಂತಿತು.

“ಅವಳ ಮಾತ ನಾನೇ ತಡದ್ನಾ?” ಎಂದರು.

ನನ್ನ ಸಿಟ್ಟೆಲ್ಲ ಅಲ್ಲಿಗೆ ಇಳಿದುಹೋಯಿತು. ಹೆಂಡತಿಗಾಗಿ ಹಾಡು ತರಲು ಕೂತ ಮನುಷ್ಯನನ್ನು ಯಾವ ಬಾಯಲ್ಲಿ ಬೈಯುವುದು? ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತೆ. ಕೋಳಿಕ್ಕೋಡಿಗೆ ಇಳಿಯುವ ಘಾಟಿಗೆ ನಾವು ಚುರ ಎನ್ನುತ್ತೇವೆ. ಚುರದಲ್ಲಿ ಹತ್ತುವ ಲಾರಿಗಳು ತಿರುವಿನಲ್ಲಿ ಸಿಕ್ಕಿಕೊಂಡರೆ ಇಳಿಯುವ ಬಸ್ಸೂ ನಿಲ್ಲುತ್ತದೆ, ಇದೂ ಹಾಗೇ ಎಂದೆ. ಕೆಳಗೆ ಬರುವ ಪ್ರತಿ ತುಣುಕಿಗೂ ‘ಬಂತು’ ಎಂದು ಮೇಲಕ್ಕೊಂದು ಮಾತು ಹೋಗಬೇಕು, ಆ ಮಾತಿಗೇ ದಾರಿಯಿಲ್ಲದಿದ್ದರೆ ಹಾಡೂ ನಿಧಾನ, ಫೋನೂ ನಿಧಾನ. ಚುರದ ಬ್ಲಾಕ್ ಎಂದ ಕೂಡಲೇ ಮಾವನಿಗೆ ತಿಳಿಯಿತು. ಅದು ತಿಳಿಯದವರು ವಯನಾಡಿನಲ್ಲಿ ಯಾರಿದ್ದಾರೆ?

ಕಂಪ್ಯೂಟರನ್ನು ಸುಮ್ಮನಿರಿಸಿ, ಮೇಲಕ್ಕೆ ಎಷ್ಟು ಹೋಗಬಲ್ಲುದೆಂದು ಅಳೆದೆವು. ಟೊರೆಂಟಿಗೆ ಅದರ ಮುಕ್ಕಾಲಿಗಿಂತ ಹೆಚ್ಚು ಮುಟ್ಟಬೇಡ ಎಂದು ಮಿತಿ ಹಾಕಿದೆವು. ಒಂದೇ ಸಲಕ್ಕೆ ಕೈಯೊಡ್ಡುವ ಜನರ ಸಂಖ್ಯೆಯನ್ನೂ ತಗ್ಗಿಸಿದೆವು. ಪಾಠದ ಹೊತ್ತಿಗೆ ಒದಗುವ ಹಾಗೆ ಅದರಲ್ಲಿ ಆಮೆಯ ಚಿತ್ರದ ಗುಂಡಿಯೊಂದಿತ್ತು; ಒತ್ತಿದರೆ ಕೊಡುವುದೂ ತರುವುದೂ ತೊಟ್ಟು ತೊಟ್ಟಾಗುತ್ತದೆ. ಇದು ಕಮ್ಮಿ ಕೊಟ್ಟ ಹಾಗಲ್ಲವೇ ಎಂದು ಮಾವನಿಗೆ ಅನುಮಾನ. ಕಮ್ಮಿಯಲ್ಲ, ನಿಧಾನ, ಒಂದೂವರೆ ಆಗುವ ತನಕ ಕೊಟ್ಟೇ ತೀರೋಣ ಎಂದೆ. “ಶರಿ,” ಎಂದರು. ಮಿತಿ ಹಾಕಿದ ಮೇಲೆ ಹಾಡುಗಳೂ ಮೊದಲಿಗಿಂತ ಬೇಗ ಇಳಿದವು.

ನೆಟ್ ಸರಿಹೋಯಿತು, ಅತ್ತೆಯ ಮನಸ್ಸು ಸರಿಹೋಗಬೇಕಲ್ಲ. ಮಾವ ಅವರನ್ನು ಕೈಹಿಡಿದು ಕರೆತಂದು, ಆಮೆ ತೋರಿಸಿ, ತಪ್ಪು ನಿನ್ನದಲ್ಲ, ಈ ಪೆಟ್ಟಿಗೆಯದು ಎಂದು ಮತ್ತೆ ಮತ್ತೆ ಹೇಳಿದರು. ಅತ್ತೆ ಎಷ್ಟು ನಂಬಿದರೋ ಗೊತ್ತಾಗಲಿಲ್ಲ. ಆದರೂ ಪಾಠಕ್ಕೆ ಬಂದು ಕೂತರು. ಪಾಠಕ್ಕೆ ಮುಂಚೆ ಮಾವ ಹಜಾರದಿಂದ “ಆಮೆ ಬುಟ್ಟಿವ್ನಿ” ಎಂದು ಕೂಗುವುದು ವಾಡಿಕೆಯಾಯಿತು.

ಮಳೆ ಶುರುವಾದ ಮೇಲೆ ಒಂದು ಬೆಳಿಗ್ಗೆ ಎಲ್ಲೋ ಸಿಲ್ವರ್ ಓಕಿನ ಕೊಂಬೆ ಕೇಬಲ್ ಮೇಲೆ ಬಿತ್ತು. ಟೀಚರ್ ‘ಬೆ...’ ಎಂದು ಬಾಯಿ ತೆರೆದವಳು ನಿಂತುಬಿಟ್ಟಳು. ಇಷ್ಟು ದಿನದ್ದೆಲ್ಲ ನೀರಲ್ಲಿ ಹೋಮವಾಯಿತು, ಇನ್ನು ಇವರು ಕೋಳಿಗೂಡಿನ ಕಡೆ ನಡೆದಂತೆಯೇ ಎಂದುಕೊಂಡೆ. ಮಾವ ಗಾಬರಿಯಾಗಿ ಆಮೆ ನೋಡಲು ಎದ್ದರು.

ಅತ್ತೆ ಅವರ ಪಂಚೆ ಹಿಡಿದು ಕೂರಿಸಿದರು. ತಮ್ಮ ತಲೆಯ ಮೇಲೆ ಬೆರಳಿಟ್ಟು, ಆ ಬೆರಳನ್ನು ಅಲ್ಲ ಅಲ್ಲ ಎಂದು ಆಡಿಸಿ, ಫೋನಿನತ್ತ ಚಾಚಿದರು.

“ನಾನಲ್ಲ,” ಎಂದರು. “ನೆಟ್ಟು.”

ಯಾರೂ ಮೊದಲರ್ಧ ಹೇಳಿಕೊಡದೆ ಅತ್ತೆ ತಾವಾಗಿ ಆಡಿದ ಮೊದಲ ಮಾತು ಅದು.