ಅಳಿಸಿ ಬರೆಯುವ ಚಿಪ್ಪು ಮತ್ತು ಹರಿಹರದ ಮೇಷ್ಟ್ರು

ಹೋದ ಭಾನುವಾರ ನಮ್ಮ ಮನೆಯವರು ಹಾಕುತ್ತಿದ್ದ ಬೆಸುಗೆಯ ಹೊಗೆ ಅಡುಗೆಮನೆವರೆಗೂ ಬಂತು, ಸುಟ್ಟ ರಾಳದ ವಾಸನೆ. ಹರಿಹರದ ಮೇಷ್ಟ್ರು ನೆನಪಾದರು. ನಿಜ ಹೇಳಬೇಕೆಂದರೆ, ಮೊದಲು ನೆನಪಾಗಿದ್ದು ಅವರ ಮೇಲಿದ್ದ ಹೊಟ್ಟೆಕಿಚ್ಚು...

ನಮ್ಮ ಮನೆಯವರ ಹತ್ತಿರ ಅವರಪ್ಪ ಕೊಡಿಸಿದ್ದ ಹಳೇ ಕಂಪ್ಯೂಟರ್ ಇತ್ತು. ಕೀಬೋರ್ಡಿನೊಳಗೇ ಎಲ್ಲ ಅಡಗಿರುವ, ಟೀವಿಗೆ ಸಿಕ್ಕಿಸುವಂಥದ್ದು. ಅದರೊಳಗಿನ ಒಂದು ಚಿಪ್ಪು, ಅಂದರೆ ಎಲೆಕ್ಟ್ರಾನಿಕ್ ಚಿಪ್, ಸುಟ್ಟುಹೋಗಿತ್ತು. ಅಂಥದ್ದನ್ನು ಈಗ ಯಾರೂ ತಯಾರಿಸುವುದಿಲ್ಲ. ನಮ್ಮೂರ ಪಕ್ಕದ ಕರೂರಿನ ಫ್ಯಾಕ್ಟರಿಯಲ್ಲಿ ಇವರ ಜೊತೆ ಕೆಲಸ ಮಾಡುವವರೊಬ್ಬರು ಮೇಷ್ಟ್ರನ್ನು ಪರಿಚಯಿಸಿದರು. ಪಾಲಿಟೆಕ್ನಿಕ್‌ನಲ್ಲಿ ಎಲೆಕ್ಟ್ರಾನಿಕ್ಸ್ ಕಲಿಸಿ ನಿವೃತ್ತರಾಗಿದ್ದ ಒಂಟಿ ಜೀವ.

"ಖಾಲಿ ಚಿಪ್ಪು ಐತೆ ನನ್ನತ್ರ. ಹಳೇದು ಏನ್ ಕೆಲಸ ಮಾಡ್ತಿತ್ತೋ ಅದನ್ನ ಪ್ರೋಗ್ರಾಮ್ ಮಾಡಿ ಇದಕ್ಕೆ ಬರೆದ್ರಾತು. ತಪ್ಪಾದ್ರೆ ಅಳಿಸಿ ಮತ್ತೆ ಬರೆಯೋದು," ಎಂದರು.

ಆ ಅಳಿಸಿ ಬರೆಯುವುದು ಮುಗಿಯಲೇ ಇಲ್ಲ. ಒಮ್ಮೆ ಪರದೆ ತುಂಬ ಗೆರೆ. ಇನ್ನೊಮ್ಮೆ ಅಕ್ಷರ ಬಂದರೆ ಬಣ್ಣವಿಲ್ಲ. ಭಾನುವಾರ ಬಂದರೆ ಇಬ್ಬರೂ ನಮ್ಮ ಮನೆಯ ಮೇಜಿಗೆ ತಲೆ ಬಗ್ಗಿಸಿ ಕೂತು ನಗುತ್ತಿದ್ದರು. ನನ್ನ ಜೊತೆ ಇವರು ಹಾಗೆ ನಕ್ಕು ಎಷ್ಟು ಕಾಲವಾಗಿತ್ತೋ.

ನಮ್ಮ ಮದುವೆಯ ವಾರ್ಷಿಕೋತ್ಸವಕ್ಕೆ ಕೊಂಡಜ್ಜಿ ಕೆರೆಗೆ ಹೋಗೋಣವೆಂದು ನಾನೇ ಹೊರಡಿಸಿದೆ. ಇವರು ಹರಿಹರಕ್ಕೆ ಸುತ್ತು ಹಾಕಿ ಮೇಷ್ಟ್ರನ್ನೂ ಹತ್ತಿಸಿಕೊಂಡರು. ಕೆರೆ ಏರಿಯ ಮೇಲೆ ಅವರಿಬ್ಬರ ಬಾಯಲ್ಲೂ ಚಿಪ್ಪಿನ ಮಾತು, ನನ್ನ ಬಾಯಲ್ಲಿ ಮಂಡಕ್ಕಿ. ಯಾವ ದಿನವೆಂದು ಮೇಷ್ಟ್ರಿಗೆ ತಿಳಿದದ್ದು ವಾಪಸ್ ಬರುವಾಗ.

"ತಂಗ್ಯಮ್ಮ, ಇವತ್ತು ನಾ ಬರಬಾರದಿತ್ತು. ಯಾಕ ಹೇಳ್ಲಿಲ್ರಿ ಇವ್ರು?"

"ಇರ್ಲಿ ಬಿಡ್ರಿ ಮೇಷ್ಟ್ರೇ," ಎಂದೆ. ಒಳಗೆ ಉರಿಯುತ್ತಿತ್ತು.

ಮಳೆಗಾಲ ಮುಗಿಯುವ ಹೊತ್ತಿಗೆ ಮೇಷ್ಟ್ರು ಎದೆನೋವೆಂದು ಆಸ್ಪತ್ರೆ ಸೇರಿದರು. ಮನೆಗೆ ತಿರುಗಿ ಬರಲಿಲ್ಲ. ಭಾನುವಾರಗಳು ನನಗೆ ಸಿಕ್ಕವು, ಆದರೆ ಇವರು ಮಾತೇ ಬಿಟ್ಟರು. ಕೊನೆಗೆ ನಾನೇ ಮೇಷ್ಟ್ರ ಕುರ್ಚಿಯಲ್ಲಿ ಕೂತು, "ನಂಗೂ ಹೇಳಿಕೊಡ್ರಿ," ಎಂದೆ. ಹೇಳಿಕೊಟ್ಟರು, ಪಾಪ. "ಮೇಷ್ಟ್ರಾಗಿದ್ರೆ ಒಂದೇ ಮಾತಲ್ಲಿ ತಿಳಿಸ್ತಿದ್ರು," ಎಂದೂ ಸೇರಿಸಿದರು.

ಹೋದ ಭಾನುವಾರ ಇವರೊಬ್ಬರೇ ಬರೆದ ಚಿಪ್ಪನ್ನು ಕೂರಿಸಿ ಸ್ವಿಚ್ ಹಾಕಿದರು. ಪರದೆಯ ಮೇಲೆ ಬಣ್ಣಗಳು ನೆಟ್ಟಗೆ ಬಂದವು. ಇವರ ಕೈ ತಕ್ಷಣ ಹೋದದ್ದು ಫೋನಿಗೆ. ಮೇಷ್ಟ್ರ ಹೆಸರಿನ ಮೇಲೆ ಬೆರಳು ನಿಂತಿತು...

ನಾನು ಪಕ್ಕದಲ್ಲೇ ಇದ್ದೆ. ಆಗಲೂ ಹೊಟ್ಟೆಕಿಚ್ಚಾಯಿತು, ಸುಳ್ಳು ಹೇಳಲಾರೆ.

"ಯಾರಿಗ್ ಹೇಳ್ಲಿ ಈಗ?" ಎಂದರು.

ನನಗೆ ಹೇಳಿ ಅನ್ನಬೇಕೆಂದುಕೊಂಡೆ. ಆದರೆ ಆ ಬಣ್ಣ ನೋಡಿ ಇವರಷ್ಟೇ ಹಿಗ್ಗುವವರು ಒಬ್ಬರೇ ಇದ್ದರು, ಅದು ನಾನಲ್ಲ. ಇವರ ಹೆಗಲ ಮೇಲೆ ಕೈಯಿಟ್ಟೆ.