ಪ್ರೆಸ್ಸಿನ ಅಡಿಗೆ ಇಟ್ಟ ಬೊಟ್ಟು

ರತ್ನಾ, ಅಂದು ನಮ್ಮ ಚರ್ಚಿನ ಸಭೆಯಲ್ಲಿ ನಾನು ಹೇಳಿದ ಸಾಕ್ಷಿ ಸುಳ್ಳು. ನಿನ್ನ ಕೆಲಸ ಕಳೆದ ಸಾಕ್ಷಿ. ಇಷ್ಟು ವರ್ಷ ಅದನ್ನು ಹೊತ್ತು ತಿರುಗಿ ಸಾಕಾಗಿದೆ, ಕಣಮ್ಮಾ.

ಆಗ ನಾನು ಕೆ.ಆರ್. ಪುರದ ಹತ್ತಿರ ಒಂದು ಕಾರ್ಖಾನೆಯಲ್ಲಿ ತಗಡು ಒತ್ತಿ ಕತ್ತರಿಸುವ ಪವರ್ ಪ್ರೆಸ್ ನಡೆಸುತ್ತಿದ್ದೆ. ಆಯುಧ ಪೂಜೆ ಬಂತೆಂದರೆ ಎಲ್ಲ ಮೆಷಿನ್‌ಗಳನ್ನೂ ಒರೆಸಿ, ಬಾಳೆಕಂದು ಕಟ್ಟಿ, ಕುಂಕುಮ ಇಟ್ಟು, ಬೂದುಗುಂಬಳಕಾಯಿ ಒಡೆಯುತ್ತಿದ್ದರು. ದೇವರೊಬ್ಬನಿಗಲ್ಲದೆ ಬೇರೆ ಯಾವುದಕ್ಕೂ ನಾನು ಕೈ ಮುಗಿಯುವುದಿಲ್ಲ ಎಂದು ಕೆಲಸಕ್ಕೆ ಸೇರಿದಾಗಲೇ ಹೇಳಿದ್ದೆ. ಯಾರೂ ಬೇಸರ ಮಾಡಿಕೊಳ್ಳಲಿಲ್ಲ. ಪಕ್ಕದ ಪ್ರೆಸ್ಸಿನ ನಾಗರಾಜ, "ನಿನ್ ಮೆಷಿನ್ ಹಾಗೇ ಬಿಡ್ತೀವಿ ಗುರು, ಸ್ವೀಟ್ ಬಾಕ್ಸ್ ಮಾತ್ರ ಬಿಡ್ಬೇಡ" ಎಂದು ನಗುತ್ತಿದ್ದ.

ಒಂದು ವರ್ಷ ಹಬ್ಬಕ್ಕೆ ಸ್ವಲ್ಪ ಮುಂಚೆ ಅದೇ ನಾಗರಾಜನ ಬೆರಳುಗಳು ಪ್ರೆಸ್ಸಿಗೆ ಸಿಕ್ಕಿ ಹೋದವು. ಅಂದಿನಿಂದ ಪ್ರತಿ ಸಲ ಪೆಡಲ್ ಒತ್ತುವ ಮುಂಚೆ ನನ್ನ ಬೆರಳು ಎಣಿಸಿಕೊಳ್ಳುತ್ತಿದ್ದೆ. ಪೂಜೆಯ ದಿನ ಎಲ್ಲರಿಗಿಂತ ಮುಂಚೆ ಹೋದೆ. ಹಿಂದಿನ ಸಂಜೆಯೇ ಸಿದ್ಧಮಾಡಿಟ್ಟಿದ್ದ ತಟ್ಟೆಯಿಂದ ಕುಂಕುಮ ತೆಗೆದು, ಮೆಷಿನ್ನಿನ ಅಡಿಗೆ, ಯಾರ ಕಣ್ಣಿಗೂ ಬೀಳದ ಕಡೆ, ಒಂದು ಬೊಟ್ಟು ಇಟ್ಟೆ. ಕೈ ಮುಗಿದೆ. "ನನ್ನ ಕೈ ಕಾಪಾಡು" ಅಂದೆ— ಯಾರಿಗೆ ಅಂದೆ? ಕರ್ತನಿಗಲ್ಲ. ಆ ಕಬ್ಬಿಣಕ್ಕೆ. ಯಾರೂ ಬಲವಂತ ಮಾಡಿರಲಿಲ್ಲ, ರತ್ನಾ.

ಆ ಭಾನುವಾರ ಬೈಯಪ್ಪನಹಳ್ಳಿಯ ನಮ್ಮ ಪ್ರಾರ್ಥನಾ ಮಂದಿರದಲ್ಲಿ ಪಾಸ್ಟರ್ ಅವರವರ ನಂಬಿಕೆಯ ಸಾಕ್ಷಿ ಹೇಳಲು ಕರೆದರು. ಸುಮ್ಮನೆ ಕೂತಿದ್ದರೆ ಆಗುತ್ತಿತ್ತು. ಎದ್ದು ನಿಂತೆ. "ಇಡೀ ಶಾಪಲ್ಲಿ ಕುಂಕುಮ ಇಲ್ದಿರೋ ಮೆಷಿನ್ ನಂದೊಂದೇ. ನಾನು ಬಗ್ಗಲಿಲ್ಲ!" ಎಲ್ಲರೂ ಸ್ತೋತ್ರ, ಸ್ತೋತ್ರ ಎಂದು ಕೂಗಿದರು. ಎಷ್ಟು ಹಿತವಾಗಿತ್ತು ಆ ಕೂಗು... ಹೆಂಗಸರ ಕಡೆ ನೀನು ಕಣ್ಣೊರೆಸಿಕೊಳ್ಳುತ್ತಿದ್ದೆ.

ಮುಂದಿನ ವರ್ಷ ದೊಡ್ಡನೆಕ್ಕುಂದಿಯ ಗಾರ್ಮೆಂಟ್ಸ್‌ನಲ್ಲಿ ನಿನ್ನ ಹೊಲಿಗೆ ಮೆಷಿನ್‌ಗೆ ಕುಂಕುಮ ಇಡು ಎಂದರೆ, ಆಗುವುದಿಲ್ಲ ಎಂದೆಯಂತೆ. ಸೂಪರ್‌ವೈಸರ್ ಮನೆಗೆ ಕಳಿಸಿದವನು ಮತ್ತೆ ಕರೆಯಲಿಲ್ಲ. ನೀನು ಬಂದು, "ಅಣ್ಣಾ, ನಿಮ್ಮನ್ನೇ ನೆನೆಸ್ಕೊಂಡೆ. ನಾನೂ ಬಗ್ಗಲಿಲ್ಲ" ಅಂದೆ. ಆಗಲೇ ನಾನು ನಿಜ ಹೇಳಿಬಿಡಬೇಕಿತ್ತು. ಬಾಯಿ ತೆರೆದೆ— "ಸ್ತೋತ್ರ, ತಂಗಿ. ಕರ್ತ ಬೇರೆ ದಾರಿ ತೋರಿಸ್ತಾನೆ" ಎಂದುಬಿಟ್ಟೆ. ಥೂ, ನನ್ನ ಬಾಯಿಗಿಷ್ಟು!

ಆಮೇಲೆ ನೀನು ಇಂದಿರಾನಗರದ ಮನೆಗಳಲ್ಲಿ ಪಾತ್ರೆ ತೊಳೆದು ಮಗಳನ್ನು ಬೆಳೆಸಿದೆ. ಸಭೆಯಲ್ಲಿ ಹಾಡಿಗೆ ಚಪ್ಪಾಳೆ ತಟ್ಟುವಾಗ ನಿನ್ನ ಬಿರುಕು ಬಿಟ್ಟ ಅಂಗೈ ಕಾಣುತ್ತಿತ್ತು. ನಾನು ತಲೆ ತಗ್ಗಿಸುತ್ತಿದ್ದೆ. ಪ್ರಾರ್ಥನೆ ಮಾಡುತ್ತಿದ್ದಾನೆ ಎಂದುಕೊಂಡಿರಬೇಕು ನೋಡಿದವರು.

ಮೊನ್ನೆ ನೀನು ಬಂದು, ಮಗಳಿಗೂ ಕಾರ್ಖಾನೆಯಲ್ಲಿ ಕೆಲಸವಾಯಿತೆಂದು ಹೇಳಿದೆ. "ಹಬ್ಬ ಹತ್ರ ಬಂತಣ್ಣಾ. ಅವಳಿಗೂ ನಿಮ್ಮ ಸಾಕ್ಷಿ ಹೇಳಿ, ಧೈರ್ಯ ಬರ್ಲಿ." ಹೂಂ ಅಂದೆ.

ಆ ಸಾಕ್ಷಿಯನ್ನು ಇನ್ನೊಮ್ಮೆ ಹೇಳಲಾರೆ. ನಾಳೆ ನಿನ್ನ ಮನೆಗೇ ಬಂದು, ಇದನ್ನೆಲ್ಲ ಮಗಳ ಎದುರಿಗೇ ಹೇಳುತ್ತೇನೆ— ಬಾಗಿಲು ಹಾಕಿಕೊಂಡರೆ ಹಾಕಿಕೊ. ಭಾನುವಾರ ಸಭೆಯ ಮುಂದೆಯೂ ಹೇಳುತ್ತೇನೆ. ಅವಳಿಗೆ ಧೈರ್ಯ ಬೇಕಿದ್ದರೆ ನಿನ್ನ ಕಥೆ ಹೇಳು. ನನ್ನ ಹಾಗೆ ನಿಂತೆ ಎಂದುಕೊಂಡಿದ್ದೀಯ ಇಷ್ಟು ದಿನ. ನಿಂತವಳು ನೀನೊಬ್ಬಳೇ.