ಒಂದು ಸೆಂಟಿಮೀಟರಿಗೆ ಒಂದು ಟ್ಯಾಂಕರ್

ಗುರುವಾರ ಬೆಳಗಿನ ಐದು ಗಂಟೆ ಹತ್ತು ನಿಮಿಷ. ಮೋಹನದಾಸ್ ಅಂಗಿ ಕಳಚಿ ಕಂಬಿಗೆ ನೇತುಹಾಕಿ, ಸ್ಟೀಲಿನ ಏಣಿ ಹಿಡಿದು ಒಂದೊಂದೇ ಮೆಟ್ಟಿಲು ಇಳಿದು ನೀರು ಸೇರುತ್ತಾರೆ. ಹಾರುವುದಿಲ್ಲ, ಕೈ ಬೀಸುವುದಿಲ್ಲ. ಈ ಹೊತ್ತಿನಲ್ಲಿ ಈಜುಕೊಳ ಸ್ವಲ್ಪವೂ ಅಲುಗದೆ ನಿಂತಿರುತ್ತದೆ, ಅದನ್ನು ಅಲುಗಿಸಿದರೆ ಅವರ ಕೆಲಸ ಕೆಟ್ಟಂತೆ. ಬಾಯಲ್ಲಿ ಸೂಜಿಯಿಲ್ಲದ ಒಂದು ಸಿರಿಂಜು, ಅದರ ತುಂಬ ಬಿಳಿ ಬಟ್ಟೆಗೆ ಹಾಕುವ ನೀಲಿ.

ಗೋಡೆಗೆ ಒರಗಿಕೊಂಡೇ ಸರಿಯುತ್ತ, ನೀರೊಳಗೆ ಗೋಡೆಯಲ್ಲಿ ಕೂರಿಸಿದ ಒಂದು ದೀಪದ ಮುಂದೆ ನಿಲ್ಲುತ್ತಾರೆ. ಉಸಿರು ಕಟ್ಟಿ ಮುಳುಗಿ, ದೀಪದ ಅಂಚಿನಲ್ಲಿ ನಾಲ್ಕು ಹನಿ ನೀಲಿ ಬಿಡುತ್ತಾರೆ. ಅದು ಅಲ್ಲೇ ತೂಗಾಡಿ ನಿಧಾನಕ್ಕೆ ಕರಗಿದರೆ ಆ ದೀಪ ಸರಿ ಇದೆ ಎಂದು ಅರ್ಥ. ಎಲ್ಲಾದರೂ ಸಂದು ಇದ್ದರೆ ನೀಲಿ ಗೆರೆಯಾಗಿ ಒಳಕ್ಕೆ ಎಳೆದುಕೊಂಡು ಹೋಗುತ್ತದೆ. ಈ ದೀಪದ ಮುಂದೆಯೂ ನೀಲಿ ಸುಮ್ಮನೆ ಕರಗಿತು. ಐವತ್ತಾರು ವರ್ಷದ ಮೋಹನದಾಸ್ ಮೇಲೆ ಬಂದು, ಏದುಸಿರು ಬಿಟ್ಟು, ತಲೆ ಅಲ್ಲಾಡಿಸುತ್ತಾರೆ.

“ನೀರು ಎಲ್ಲಿಗೋ ಹೋಗ್ತಾ ಉಂಟು. ಎಲ್ಲಿಗೆ ಅಂತ ಈ ನೀಲಿಯೇ ಹೇಳ್ಬೇಕು. ನಂಗೆ ಸೋಮವಾರದವರೆಗೆ ಟೈಮ್ ಕೊಟ್ಟಿದ್ದಾರೆ.”

ಸೋಮವಾರ ಎಂದರೆ ಇನ್ನು ನಾಲ್ಕೇ ದಿನ. ಅಷ್ಟರಲ್ಲಿ ಸೋರಿಕೆ ಸಿಗದಿದ್ದರೆ ಕೊಳವನ್ನು ಪೂರ್ತಿ ಬರಿದು ಮಾಡಿ ತಳ ನೋಡುವುದೆಂದು ಆಡಳಿತ ಮಂಡಳಿ ತೀರ್ಮಾನಿಸಿದೆ. ಬರಿದು ಮಾಡುವುದು ಸುಲಭ, ಒಂದು ವಾಲ್ವ್ ತಿರುಗಿಸಿದರೆ ಮುಗಿಯಿತು. ತುಂಬಿಸುವವರು ಯಾರು? ಇದು ಏಪ್ರಿಲ್ ಕೊನೆಯ ವಾರ. ನಗರದಲ್ಲಿ ನಲ್ಲಿ ನೀರು ದಿನ ಬಿಟ್ಟು ದಿನ ಬರುತ್ತಿದೆ. ಈಜುಕೊಳಕ್ಕೆ ನೀರು ಕೊಡಿ ಎಂದು ಈಗ ಕೇಳಲು ಹೋದರೆ ಮುಖಕ್ಕೆ ಮಂಗಳಾರತಿಯೇ ಗತಿ. ಇವತ್ತು ಹೋದ ನೀರು ಮಳೆ ಹಿಡಿಯುವ ತನಕ ಮರಳಿ ಬರುವುದಿಲ್ಲ.

ಸ್ಪರ್ಧೆಯ ಅಳತೆಯ ಕೊಳವೆಂದರೆ ಐವತ್ತು ಮೀಟರ್ ಉದ್ದ, ಇಪ್ಪತ್ತೈದು ಮೀಟರ್ ಅಗಲ. ಇಲ್ಲಿ ಆಳ ಉದ್ದಕ್ಕೂ ಎರಡು ಮೀಟರ್. ಗುಣಿಸಿದರೆ ಇಪ್ಪತ್ತೈದು ಲಕ್ಷ ಲೀಟರ್. ಲೆಕ್ಕ ಐದನೆಯ ಕ್ಲಾಸಿನದು, ಆದರೆ ಅಷ್ಟು ನೀರನ್ನು ಕಣ್ಣ ಮುಂದೆ ತಂದುಕೊಳ್ಳುವುದು ದೊಡ್ಡವರಿಗೂ ಕಷ್ಟ. ಮೋಹನದಾಸ್ ಹೇಳಿದರೆ ಮಾತ್ರ ತಲೆಗೆ ಹೋಗುತ್ತದೆ.

“ಲೀಟರ್ ಬಿಡಿ ಮಾರಾಯ್ರೆ, ಟ್ಯಾಂಕರ್‌ನಲ್ಲಿ ಹೇಳ್ತೇನೆ. ಇಲ್ಲಿ ಒಂದು ಸೆಂಟಿಮೀಟರ್ ಇಳಿದ್ರೆ ಹನ್ನೆರಡೂವರೆ ಸಾವಿರ ಲೀಟರ್. ಅಂದ್ರೆ ದೊಡ್ಡ ಟ್ಯಾಂಕರ್ ಒಂದು. ಇಡೀ ಕೊಳಕ್ಕೆ ಇನ್ನೂರು ಟ್ಯಾಂಕರ್. ಅಷ್ಟನ್ನು ಕುಲಶೇಖರದ ರಸ್ತೆಯಲ್ಲಿ ಸಾಲಾಗಿ ನಿಲ್ಲಿಸಿದ್ರೆ ಎರಡು ಕಿಲೋಮೀಟರ್ ಬ್ಲಾಕ್ ಆಗ್ತದೆ, ಗೊತ್ತುಂಟಾ?”

ಇವರ ಮನೆ ಕಾವೂರಿನಲ್ಲಿ. ಹನ್ನೊಂದು ವರ್ಷ ಬಹರೈನಿನ ಒಂದು ಹೋಟೆಲಿನಲ್ಲಿ ಕೊಳ ತೊಳೆಯುತ್ತಿದ್ದರು. ಕೆಲಸ ಕಲಿತದ್ದೂ ಅಲ್ಲೇ, ಬೆನ್ನು ನೋವು ಹತ್ತಿಸಿಕೊಂಡದ್ದೂ ಅಲ್ಲೇ. ಊರಿಗೆ ಮರಳಿದ ವರ್ಷವೇ ಒಂದು ಖಾಸಗಿ ಸಂಸ್ಥೆ ಈ ಕೊಳ ಕಟ್ಟಿಸಿತು. ಅಂದಿನಿಂದ ಹನ್ನೆರಡು ವರ್ಷ, ನಸುಕಿಗೆ ಕಾವೂರಿನಿಂದ ಬೈಕು ಹೊರಡುವುದು ತಪ್ಪಿಲ್ಲ. ಕೆಲಸ ಗುತ್ತಿಗೆಯದು, ಪ್ರತಿ ಜೂನಿನಲ್ಲಿ ನವೀಕರಣ ಆಗಬೇಕು. ಹೆಂಡತಿ ಅಮ್ಮಣಿ ಅವರಿಗೆ ಇದರ ಬಗ್ಗೆ ಒಂದು ತಕರಾರಿದೆ. “ಅಲ್ಲಿ ಒಂದು ಬೆರಳು ನೀರು ಇಳಿದ್ರೆ ಇವರಿಗೆ ಊಟ ಸೇರುದಿಲ್ಲ. ನಮ್ಮ ಬಾವಿಯ ರಾಟೆ ಎರಡು ವರ್ಷದಿಂದ ಕಿರುಚ್ತಾ ಉಂಟು, ಅದಕ್ಕೆ ಎಣ್ಣೆ ಬಿಡ್ಲಿಕ್ಕೆ ಪುರ್ಸೊತ್ತಿಲ್ಲ.”

ಊರಿಗೆ ಕುಡಿಯಲು ನೀರಿಲ್ಲ, ಇವರಿಗೆ ಈಜಲು ಬೇಕಾ ಎಂದು ಗೇಟಿನ ಹೊರಗೆ ಕೇಳುವವರಿದ್ದಾರೆ. ಆ ಮಾತಿನಿಂದ ಮೋಹನದಾಸ್ ಅವರಿಗೆ ನೋವಾಗುತ್ತದೆ. ನಾಲ್ಕು ವರ್ಷದಿಂದ ಈ ಕೊಳದ ನೀರನ್ನು ಬದಲಿಸಿಲ್ಲ. ದಿನಕ್ಕೆ ನಾಲ್ಕು ಸಲ ಇಡೀ ನೀರು ಮರಳಿನ ಫಿಲ್ಟರ್ ದಾಟಿ ಮತ್ತೆ ಕೊಳಕ್ಕೇ ಬರುತ್ತದೆ. ಕ್ಲೋರಿನ್ ಹೆಚ್ಚಾದರೆ ಮಕ್ಕಳ ಕಣ್ಣು ಉರಿ, ಕಡಿಮೆಯಾದರೆ ಎರಡೇ ದಿನದಲ್ಲಿ ಪಾಚಿ. ಬಿಸಿಲಿಗೆ ಆರಿಹೋಗುವಷ್ಟನ್ನು ಕಾಂಪೌಂಡಿನ ಬಾವಿ ತುಂಬಿಕೊಡುತ್ತದೆ. ಸೋರಿದ್ದಕ್ಕೆ ಬಾವಿಯಲ್ಲಿ ನೀರಿಲ್ಲ.

ಸೋರುತ್ತಿದೆ ಎಂದು ಗೊತ್ತಾದದ್ದು ಒಂದು ಬಕೆಟಿನಿಂದ. ಕೊಳದ್ದೇ ನೀರು ತುಂಬಿದ ಬಕೆಟನ್ನು ಏಣಿಯ ಮೆಟ್ಟಿಲ ಮೇಲಿಟ್ಟು, ಒಳಗೂ ಹೊರಗೂ ನೀರಿನ ಮಟ್ಟಕ್ಕೆ ಗೆರೆ ಹಾಕುತ್ತಾರೆ. ಬಿಸಿಲು ಗಾಳಿ ಎರಡಕ್ಕೂ ಒಂದೇ, ಆದ್ದರಿಂದ ಎರಡೂ ಒಂದೇ ಪ್ರಮಾಣದಲ್ಲಿ ಇಳಿಯಬೇಕು. ಎರಡು ವಾರದ ಹಿಂದೆ, ಒಂದು ರಾತ್ರಿಯ ಎಂಟೇ ಗಂಟೆಯಲ್ಲಿ, ಬಕೆಟಿನ ನೀರು ಎರಡು ಮಿಲಿಮೀಟರ್ ಇಳಿದಿದ್ದರೆ ಕೊಳ ಎಂಟು ಮಿಲಿಮೀಟರ್ ಇಳಿದಿತ್ತು. ದಿನಕ್ಕೆ ಹತ್ತಿರ ಹತ್ತಿರ ಎರಡು ಟ್ಯಾಂಕರ್ ಮಣ್ಣುಪಾಲು. ಈಗ ನೀರು ಒಂದು ಗೇಣಿನಷ್ಟು ಕೆಳಗೆ ಹೋಗಿದೆ.

ಐದೂಮುಕ್ಕಾಲಕ್ಕೆ ಗೇಟಿನ ಬಳಿ ಸ್ಕೂಟರ್ ಸದ್ದು. ಕಾಟಿಪಳ್ಳದಿಂದ ಅಮ್ಮನ ಹಿಂದೆ ಕುಳಿತು ಬಂದ ಮೋಕ್ಷಾ, ಹತ್ತನೆಯ ಕ್ಲಾಸು ಮುಗಿಸಿದ ಹುಡುಗಿ, ಟೋಪಿ ಹಾಕಿಕೊಳ್ಳುತ್ತಲೇ ಕೇಳುತ್ತಾಳೆ: “ಸಿಕ್ಕಿತಾ ಅಂಕಲ್?” ಅವಳಿಗೆ ಹದಿನೆಂಟು ದಿನದಲ್ಲಿ ರಾಜ್ಯ ತಂಡದ ಆಯ್ಕೆ. ನಗರದಲ್ಲಿ ಚಿಕ್ಕ ಕೊಳಗಳು ಬೇಕಾದಷ್ಟಿವೆ. ಅವು ಸಾಲವು ಎನ್ನುತ್ತಾರೆ ಕೋಚ್ ಬ್ರಯಾನ್. “ಇಪ್ಪತ್ತೈದು ಮೀಟರಲ್ಲಿ ಅಭ್ಯಾಸ ಮಾಡಿದ ಮಕ್ಕಳು ಐವತ್ತರ ಕೊಳದಲ್ಲಿ ಅರ್ಧಕ್ಕೇ ಗೋಡೆ ಹುಡುಕ್ತಾರೆ. ಈಗ ಇದನ್ನು ಖಾಲಿ ಮಾಡಿದ್ರೆ ಇವಳ ಒಂದು ವರ್ಷ ಹೋಯ್ತು.”

ಮಕ್ಕಳು ನೀರಿಗೆ ಬಿದ್ದ ಮೇಲೆ ನೀಲಿಯ ಆಟ ನಡೆಯುವುದಿಲ್ಲ. ಹಾಗಾಗಿ ದಿನಕ್ಕೆ ಸಿಗುವುದು ಮುಕ್ಕಾಲು ಗಂಟೆಗೂ ಕಡಿಮೆ. ಗೋಡೆಗಳಲ್ಲಿ ಇಪ್ಪತ್ತನಾಲ್ಕು ದೀಪ, ನೀರು ಮರಳಿ ಬರುವ ಇಪ್ಪತ್ತೆಂಟು ಬಾಯಿ, ಟೈಲ್ಸಿನ ಸಂದುಗಳು ಲೆಕ್ಕವಿಲ್ಲ. ಶುಕ್ರವಾರದ ಹೊತ್ತಿಗೆ ಇಪ್ಪತ್ತೆಂಟು ಬಾಯಿಯೂ ಮುಗಿದವು, ಇಪ್ಪತ್ತಮೂರು ದೀಪವೂ ಮುಗಿದವು. ಉಳಿದದ್ದು ಏಣಿಯ ಪಕ್ಕದ ಒಂದು ದೀಪ. ದಿನಾ ಅದರ ಎದುರಿನಿಂದಲೇ ಇಳಿಯುತ್ತಿದ್ದವರು ಅದನ್ನು ನೋಡಿರಲಿಲ್ಲ. ಕಾರಣ ಕೇಳಿದರೆ ಮೊದಲು ನಗುತ್ತಾರೆ, ಆಮೇಲೆ ಹೇಳುತ್ತಾರೆ. “ಅದನ್ನು ಜನವರಿಯಲ್ಲಿ ನಾನೇ ಹಾಕಿದ್ದು. ನಾನು ಹಾಕಿದ್ದಲ್ವಾ, ಸರಿ ಇರ್ತದೆ ಅಂತ.”

ಶನಿವಾರ ಆ ದೀಪದ ಮುಂದೆ ಬಿಟ್ಟ ನೀಲಿ ಕಣ್ಣು ಮಿಟುಕಿಸುವುದರೊಳಗೆ ಮಾಯವಾಯಿತು.

ದೀಪ ಬಿಚ್ಚಿ ನೋಡಿದರೆ ವಯರು ಹೋಗುವ ಪೈಪಿನ ಬಾಯಿ ಹಾಗೇ ತೆರೆದಿದೆ. ಜನವರಿಯಲ್ಲಿ ಒಂದು ಸ್ಪರ್ಧೆಯ ಗಡಿಬಿಡಿ. ದೀಪ ಕೂರಿಸುವಷ್ಟರಲ್ಲಿ ಬೆಳಗಿನ ಬ್ಯಾಚ್ ಬಂದುಬಿಟ್ಟಿತ್ತು, ಆ ಬಾಯಿಗೆ ಪುಟ್ಟಿ ಮೆತ್ತುವುದು ನಾಳೆ ಮಾಡುವ ಎಂದು ಬಿಟ್ಟಿದ್ದರು. ಆ ನಾಳೆ ಬರಲೇ ಇಲ್ಲ. ಪೈಪಿನ ಆಚೆ ತುದಿಯ ಹಳೆಯ ಸಿಮೆಂಟು ಮೂರು ತಿಂಗಳು ತಡೆದು ನಿಂತು, ಈಗ ಬಿಟ್ಟುಕೊಟ್ಟಿದೆ. ಮೋಹನದಾಸ್ ನೀರಿನಲ್ಲೇ ಗಟ್ಟಿಯಾಗುವ ಪುಟ್ಟಿಯನ್ನು ಕಲಸಿ, ಏಳು ಸಲ ಮುಳುಗಿ, ಪೈಪಿನ ಬಾಯಿ ಮುಚ್ಚಿ ಬಂದರು. ದಡದಲ್ಲಿ ಕುಳಿತು, ತಲೆ ಎತ್ತದೆ, ಕೈಗೆ ಮೆತ್ತಿದ ಪುಟ್ಟಿಯನ್ನು ಉಜ್ಜಿ ತೆಗೆದರು.

ಬ್ರಯಾನ್ ಹತ್ತಿರ ಬಂದು ತಗ್ಗಿದ ದನಿಯಲ್ಲಿ ಹೇಳಿದರಂತೆ: “ಹಳೇ ಪೈಪು ಒಡೆದಿತ್ತು ಅಂತ ಹೇಳಿ. ಯಾರು ಮುಳುಗಿ ನೋಡ್ತಾರೆ? ಜೂನ್ ಬಂತು, ನಿಮ್ಮ ಕಾಂಟ್ರಾಕ್ಟ್ ನೆನಪುಂಟಲ್ವಾ?”

ನೆನಪಿತ್ತು. ಬಟ್ಟೆ ಬದಲಿಸಿ ಸೀದಾ ಮ್ಯಾನೇಜರ್ ಸ್ನೇಹಲತಾ ಶೆಟ್ಟಿ ಅವರ ಕೋಣೆಗೆ ಹೋದರು. “ತಪ್ಪು ನನ್ನದೇ ಮೇಡಂ. ಇಪ್ಪತ್ತೈದು ಟ್ಯಾಂಕರ್ ನೀರು ನನ್ನಿಂದ ಹೋಯ್ತು.” ಸ್ನೇಹಲತಾ ಅವರಿಗೆ ಸಿಟ್ಟು ಬಂದಿತ್ತು, ಅದನ್ನು ಅವರು ಮುಚ್ಚಿಡುವುದೂ ಇಲ್ಲ. “ನಿಮ್ಮಿಂದ ಇದನ್ನು ನಿರೀಕ್ಷೆ ಮಾಡಿರ್ಲಿಲ್ಲ. ಮೊದಲು ನಾಳೆ ನೋಡುವ. ನೀರು ನಿಂತ್ರೆ ಕೊಳ ಉಳಿಯಿತು. ಇಲ್ಲದಿದ್ರೆ ಸೋಮವಾರ ಖಾಲಿಯೇ.”

ಭಾನುವಾರ ಬೆಳಗ್ಗೆ ಐದಕ್ಕೆ ಮೂವರೂ ಏಣಿಯ ಬಳಿ ಬಗ್ಗಿ ನಿಂತಿದ್ದಾರೆ. ಮೋಹನದಾಸ್ ಸ್ಕೇಲು ಇಟ್ಟು ನೋಡುತ್ತಾರೆ, ಕಣ್ಣು ಒರೆಸಿಕೊಂಡು ಮತ್ತೊಮ್ಮೆ ನೋಡುತ್ತಾರೆ. ಬಕೆಟಿನಲ್ಲಿ ಎರಡು ಮಿಲಿಮೀಟರ್. ಕೊಳದಲ್ಲೂ ಎರಡು ಮಿಲಿಮೀಟರ್. ಬ್ರಯಾನ್ ಚಪ್ಪಾಳೆ ತಟ್ಟುತ್ತಾರೆ. ಸ್ನೇಹಲತಾ ಫೋನ್ ತೆಗೆದು, ಸೋಮವಾರದ ಕೆಲಸ ಬೇಡವೆಂದು ಅಲ್ಲೇ ನಿಂತು ಹೇಳುತ್ತಾರೆ.

ಆಮೇಲೆ ಆಫೀಸಿನಲ್ಲಿ ದುರಸ್ತಿ ಪುಸ್ತಕ ತೆರೆದು, ಪೆನ್ನನ್ನು ಮೋಹನದಾಸ್ ಕೈಗೆ ಕೊಡುತ್ತಾರೆ. ಇಷ್ಟು ವರ್ಷ ಮೋಟಾರು, ವಾಲ್ವ್, ಫಿಲ್ಟರ್, ಯಾವುದು ಸರಿಯಾದರೂ ಅದರಲ್ಲಿ ಬರೆಯುತ್ತಿದ್ದದ್ದು ‘ಸರಿಪಡಿಸಲಾಗಿದೆ’ ಎಂದಷ್ಟೆ. ಮಾಡಿದವರ ಹೆಸರು ಬರೆಯುವ ಪದ್ಧತಿ ಇಲ್ಲ. ಮೋಹನದಾಸ್ ಬರೆಯುತ್ತಾರೆ: ದೀಪ ಹಾಕುವಾಗ ಪೈಪಿನ ಬಾಯಿ ಮುಚ್ಚಿರಲಿಲ್ಲ, ಮುಚ್ಚದೆ ಬಿಟ್ಟದ್ದು ಮೋಹನದಾಸ್.

ಸ್ನೇಹಲತಾ ಅದನ್ನು ಓದಿ ಮುಖ ಎತ್ತುತ್ತಾರೆ. ಅವರ ಸಿಟ್ಟು ಇಳಿದಿದೆ. “ಹೆಸರೆಲ್ಲ ಎಂತಕ್ಕೆ? ಸೋರಿಕೆ ಅಂತ ಬರೆದಿದ್ರೆ ಸಾಕಿತ್ತು.”

“ಇರ್ಲಿ ಮೇಡಂ,” ಎನ್ನುತ್ತಾರೆ ಮೋಹನದಾಸ್, ಪೆನ್ನಿಗೆ ಟೊಪ್ಪಿ ಹಾಕುತ್ತ. “ಹನ್ನೆರಡು ವರ್ಷದಲ್ಲಿ ಈ ಪುಸ್ತಕದಲ್ಲಿ ನನ್ನ ಹೆಸರು ಬಂದದ್ದು ಇದೇ ಮೊದಲು.”